ಸ್ಪೋರ್ಟ್ಸ್ ಕಾರಿನ ಗೇರ್ ಬಾಕ್ಸ್ ಆಯಿಲ್: ಸೋರಿಕೆ ಎಲ್ಲಿಂದ, ಬದಲಿಸುವುದು ಯಾವಾಗ?

ಕರಾವಳಿ ಮತ್ತು ಕಾಸರಗೋಡು ಕಡೆಯಿಂದ ಕೊಲ್ಲಿಗೆ ಹೋಗಿ ದುಡಿಯುವ ಯುವಕರಲ್ಲಿ ಕಾರಿನ ಹುಚ್ಚು ಹೊಸದಲ್ಲ. ಊರಿನಲ್ಲಿ ಕನಸಿನ ಮಾತಾಗಿರುವ ಗಾಡಿಗಳು ದುಬೈ, ಶಾರ್ಜಾದ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಕೈಗೆಟಕುವ ಬೆಲೆಗೆ ಸಿಗುತ್ತವೆ. ಫೋರ್ಡ್ ಮಸ್ಟಾಂಗ್, ಡಾಡ್ಜ್ ಚಾರ್ಜರ್, ನಿಸ್ಸಾನ್ ಜಿಟಿ-ಆರ್, ಹಳೆಯ ಪೋರ್ಷೆಗಳು ಹೀಗೆ ಕೈ ಬದಲಾಗುತ್ತಲೇ ಇರುತ್ತವೆ. ಊರಿನಲ್ಲೂ ಪೋಲೋ ಜಿಟಿ, ಆಕ್ಟೇವಿಯಾ ಆರ್‌ಎಸ್‌ನಂಥ ಗಾಡಿಗಳಿಗೆ ಬೇಡಿಕೆ ಉಂಟು.

ಕೊಳ್ಳುವಾಗ ಎಲ್ಲರ ಕಣ್ಣು ಎಂಜಿನ್ ಮೇಲೆ. ಎಷ್ಟು ಹಾರ್ಸ್‌ಪವರ್, ಸೌಂಡ್ ಹೇಗಿದೆ ಎಂದು ವಿಚಾರಿಸುವವರು ಗೇರ್ ಬಾಕ್ಸ್ ಆಯಿಲ್ ಯಾವಾಗ ಬದಲಿಸಿದ್ದು ಎಂದು ಕೇಳುವುದಿಲ್ಲ. ಆದರೆ ಇಂಥ ಕಾರುಗಳಲ್ಲಿ ಮಾಲೀಕನ ಉಳಿತಾಯವನ್ನು ಒಂದೇ ಸಲಕ್ಕೆ ನುಂಗುವ ಭಾಗ ಹೆಚ್ಚಾಗಿ ಗೇರ್ ಬಾಕ್ಸೇ. ಅದು ಹಾಳಾಗಲು ಕಾರಣ ಬಹಳ ಸಲ ಸಣ್ಣದಿರುತ್ತದೆ: ಗಮನಿಸದೆ ಬಿಟ್ಟ ಒಂದು ಹನಿ, ಇಲ್ಲವೇ ಹತ್ತು ವರ್ಷ ಬದಲಿಸದೆ ಉಳಿದ ಆಯಿಲ್.

ಈ ಆಯಿಲ್‌ನ ಕೆಲಸ ಏನು?

ಎಂಜಿನ್ ಆಯಿಲ್‌ಗೆ ಮುಖ್ಯವಾಗಿ ಸವೆತ ತಡೆಯುವ, ಬಿಸಿ ಒಯ್ಯುವ ಕೆಲಸ. ಆಟೊಮ್ಯಾಟಿಕ್ ಗೇರ್ ಬಾಕ್ಸ್‌ನ ಆಯಿಲ್‌ಗೆ ಅದರ ಜತೆ ಇನ್ನೂ ಎರಡು ಹೊಣೆ ಇದೆ. ಒಂದು, ಒತ್ತಡ ಕೊಟ್ಟು ಗೇರ್ ಬದಲಿಸುವುದು. ಪಂಪ್ ಒತ್ತಿದ ಆಯಿಲ್ ಸಣ್ಣ ವಾಲ್ವ್‌ಗಳ ಮೂಲಕ ಹೋಗಿ ಕ್ಲಚ್‌ಗಳನ್ನು ಹಿಡಿಯುತ್ತದೆ, ಬಿಡುತ್ತದೆ. ಇನ್ನೊಂದು, ಕ್ಲಚ್ ಪ್ಲೇಟ್‌ಗಳ ನಡುವೆ ಬೇಕಾದಷ್ಟೇ ಘರ್ಷಣೆ ಇರುವಂತೆ ನೋಡಿಕೊಳ್ಳುವುದು. ಘರ್ಷಣೆ ಕಡಿಮೆಯಾದರೆ ಕ್ಲಚ್ ಜಾರುತ್ತದೆ, ಹೆಚ್ಚಾದರೆ ಗಾಡಿ ಜರ್ಕ್ ಹೊಡೆಯುತ್ತದೆ.

ಅಂದ್ರೆ, ಆಯಿಲ್ ಇಲ್ಲಿ ಬರೀ ಜಾರಿಸುವ ವಸ್ತುವಲ್ಲ, ಯಂತ್ರದ ಒಂದು ಬಿಡಿಭಾಗ. ಅರ್ಧ ಲೀಟರ್ ಕಡಿಮೆಯಾದರೂ ಪಂಪ್ ಗಾಳಿ ಎಳೆಯಲು ಶುರು ಮಾಡಬಹುದು. ಗಾಳಿ ಸೇರಿದ ಆಯಿಲ್‌ನಲ್ಲಿ ಒತ್ತಡ ನಿಲ್ಲುವುದಿಲ್ಲ, ಒತ್ತಡ ನಿಲ್ಲದಿದ್ದರೆ ಕ್ಲಚ್ ಜಾರುತ್ತದೆ, ಜಾರಿದ ಕ್ಲಚ್ ಸುಡುತ್ತದೆ.

ಯಾವ ಗೇರ್ ಬಾಕ್ಸ್?

ಕಾರಿನ ಹೆಸರಿಗಿಂತ ಅದರಲ್ಲಿರುವ ಗೇರ್ ಬಾಕ್ಸ್ ಯಾವುದು ಎಂದು ತಿಳಿಯುವುದು ಮೊದಲ ಕೆಲಸ. ಸ್ಪೋರ್ಟ್ಸ್ ಕಾರುಗಳಲ್ಲಿ ಸಾಮಾನ್ಯವಾಗಿ ನಾಲ್ಕು ಬಗೆ ಕಾಣಸಿಗುತ್ತವೆ.

ಮ್ಯಾನುವಲ್: ಇದಕ್ಕೆ ಗೇರ್ ಆಯಿಲ್ ಅಥವಾ ಕಂಪೆನಿ ಹೇಳಿದ ಬೇರೆ ಆಯಿಲ್. ಜಿಎಲ್-4 ಮತ್ತು ಜಿಎಲ್-5 ಒಂದೇ ಅಲ್ಲ. ಜಿಎಲ್-5ರಲ್ಲಿ ಗಂಧಕ, ರಂಜಕದ ಅಂಶ ಹೆಚ್ಚು. ಜಿಎಲ್-4 ಕೇಳುವ ಗೇರ್ ಬಾಕ್ಸ್‌ಗೆ ಅದನ್ನು ಹಾಕಿದರೆ ಹಿತ್ತಾಳೆಯ ಸಿಂಕ್ರೊ ರಿಂಗ್‌ಗಳಿಗೆ ಪೆಟ್ಟು ಬೀಳಬಹುದು.

ಟಾರ್ಕ್ ಕನ್ವರ್ಟರ್ ಆಟೊಮ್ಯಾಟಿಕ್: ಮಸ್ಟಾಂಗ್‌ನ 6 ಮತ್ತು 10 ಗೇರಿನ ಪೆಟ್ಟಿಗೆಗಳು, ಬಿಎಂಡಬ್ಲ್ಯು, ಟೊಯೊಟಾ ಸುಪ್ರಾ ಮತ್ತು ಈಚಿನ ಡಾಡ್ಜ್ ಕಾರುಗಳಲ್ಲಿರುವ ಝಡ್‌ಎಫ್ 8ಎಚ್‌ಪಿ ಕುಟುಂಬ, ಹಳೆಯ ಮರ್ಸಿಡಿಸ್‌ನ 722.6 ಎಲ್ಲ ಈ ಬಗೆಯವು.

ಡ್ಯುಯಲ್ ಕ್ಲಚ್: ಎರಡು ಕ್ಲಚ್ ಇರುವ ಪೆಟ್ಟಿಗೆ. ರಸ್ತೆ ಕಾರಿಗೆ ಇದನ್ನು 2003ರಲ್ಲಿ ತಂದದ್ದು ಫೋಕ್ಸ್‌ವ್ಯಾಗನ್, ಗಾಲ್ಫ್ ಆರ್32ರಲ್ಲಿ, ಡಿಎಸ್‌ಜಿ ಎಂಬ ಹೆಸರಿನಿಂದ. ಪೋರ್ಷೆಯ ಪಿಡಿಕೆ, ಜಿಟಿ-ಆರ್‌ನ 6 ಗೇರಿನ ಪೆಟ್ಟಿಗೆ ಇದೇ ಜಾತಿ. ಇದರಲ್ಲೂ ಎರಡು ಪಂಗಡ ಉಂಟು. ಕ್ಲಚ್ ಆಯಿಲ್‌ನಲ್ಲಿ ಮುಳುಗಿರುವುದು ಒಂದು, ಒಣ ಕ್ಲಚ್ ಇನ್ನೊಂದು. ಆಕ್ಟೇವಿಯಾ ಆರ್‌ಎಸ್‌ 2017ರಲ್ಲಿ ಭಾರತಕ್ಕೆ ಬಂದಾಗ ಅದರಲ್ಲಿದ್ದ 6 ಗೇರಿನ ಡಿಎಸ್‌ಜಿ ಮೊದಲ ಪಂಗಡದ್ದು. 2013ರ ಪೋಲೋ ಜಿಟಿ ಟಿಎಸ್‌ಐನ 7 ಗೇರಿನದ್ದು ಎರಡನೆಯದು.

ಆಟೊಮೇಟೆಡ್ ಮ್ಯಾನುವಲ್: ಮ್ಯಾನುವಲ್ ಪೆಟ್ಟಿಗೆಗೆ ಹೈಡ್ರಾಲಿಕ್ ಪಂಪ್ ಕೂಡಿಸಿದ್ದು. ಬಿಎಂಡಬ್ಲ್ಯು ಇ46 ಎಂ3ಯ ಎಸ್‌ಎಂಜಿ, ಲಂಬೋರ್ಗಿನಿ ಗಲ್ಲಾರ್ಡೊದ ಇ-ಗೇರ್ ಇದಕ್ಕೆ ಉದಾಹರಣೆ. ಇಲ್ಲಿ ಗೇರ್ ಆಯಿಲ್ ಬೇರೆ, ಪಂಪಿನ ಹೈಡ್ರಾಲಿಕ್ ಆಯಿಲ್ ಬೇರೆ. ಪಂಪಿನ ಸಾಲಿನಲ್ಲಿ ಇರುವ ಆಯಿಲ್ ಸ್ವಲ್ಪವೇ. ಆದ್ದರಿಂದ ಅಲ್ಲಿ ಸಣ್ಣ ಸೋರಿಕೆ ಆದರೂ ಗೇರ್ ಬೀಳುವುದೇ ನಿಲ್ಲಬಹುದು.

ಸೋರುವುದು ಎಲ್ಲಿಂದ?

ಗೇರ್ ಬಾಕ್ಸ್‌ನ ಲೋಹದ ಕವಚ ಒಡೆದು ಸೋರುವುದು ಅಪರೂಪ. ಎರಡು ಭಾಗ ಸೇರುವ ಕಡೆ, ಶಾಫ್ಟ್ ಹೊರಬರುವ ಕಡೆ, ವೈರ್ ಒಳಹೋಗುವ ಕಡೆ ಇರುವ ರಬ್ಬರ್ ಸೀಲ್‌ಗಳೇ ಮೊದಲು ಸೋಲುವುದು. ಬಿಸಿ ಮತ್ತು ವಯಸ್ಸಿನಿಂದ ರಬ್ಬರ್ ಗಟ್ಟಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ.

ಆಯಿಲ್ ಪ್ಯಾನ್: ಕೆಳಗಿರುವ ತಟ್ಟೆ. ಝಡ್‌ಎಫ್‌ನ ಹಲವು ಪೆಟ್ಟಿಗೆಗಳಲ್ಲಿ ಈ ಪ್ಯಾನ್ ಪ್ಲಾಸ್ಟಿಕ್‌ನದ್ದು, ಫಿಲ್ಟರ್ ಅದರೊಳಗೇ ಸೇರಿರುತ್ತದೆ. ವರ್ಷಗಟ್ಟಲೆ ಬಿಸಿಯಲ್ಲಿ ಬೆಂದು ಅದು ಸೊಟ್ಟಗಾದರೆ ಅಂಚಿನಿಂದ ಒಸರು ಬರುತ್ತದೆ. ಬರೀ ಗ್ಯಾಸ್ಕೆಟ್ ಹಾಕಿ ಪ್ರಯೋಜನವಿಲ್ಲ, ಪ್ಯಾನೇ ಬದಲಾಗಬೇಕು. ಇನ್ನು ನೆಲಕ್ಕೆ ತಗ್ಗಿಸಿದ ಕಾರುಗಳಿಗೆ ಊರಿನ ಹಂಪ್‌ಗಳೇ ಶತ್ರು. ಒಂದು ಸಲ ಜೋರಾಗಿ ತಾಗಿದರೆ ಪ್ಯಾನ್‌ನಲ್ಲಿ ಬಿರುಕು ಖಂಡಿತ.

ವೈರಿಂಗ್ ಕನೆಕ್ಟರ್: ಇದು ಬಹಳ ಮಂದಿಗೆ ಗೊತ್ತಿಲ್ಲದ ಜಾಗ. 722.6 ಪೆಟ್ಟಿಗೆಯಲ್ಲಿ 13 ಪಿನ್ನಿನ ಒಂದು ಕನೆಕ್ಟರ್ ಇದೆ. ಅದರ ಸುತ್ತಲಿನ ಸಣ್ಣ ಓ-ರಿಂಗ್‌ಗಳು ಹಾಳಾದರೆ ಆಯಿಲ್ ಕೆಳಗೆ ಹನಿಯುವುದಲ್ಲದೆ, ದೀಪದ ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ ವೈರ್‌ಗಳ ಒಳಗೇ ಏರಿ ಗೇರ್ ಬಾಕ್ಸ್‌ನ ಕಂಪ್ಯೂಟರ್ ತನಕ ಮುಟ್ಟುತ್ತದೆ. ಅಗ್ಗದ ಒಂದು ತುಂಡು ಬದಲಿಸದೆ ಬಿಟ್ಟದ್ದಕ್ಕೆ ದುಬಾರಿ ಕಂಟ್ರೋಲ್ ಯೂನಿಟ್ ಹೋದ ಪ್ರಕರಣಗಳು ಈ ಪೆಟ್ಟಿಗೆಯ ಜತೆ ತಳಕು ಹಾಕಿಕೊಂಡೇ ಇವೆ. ಈ ಪೆಟ್ಟಿಗೆ ಮರ್ಸಿಡಿಸ್‌ನಲ್ಲಿ ಮಾತ್ರ ಇಲ್ಲ. ಡೈಮ್ಲರ್ ಮತ್ತು ಕ್ರೈಸ್ಲರ್ ಒಂದೇ ಕಂಪೆನಿಯಾಗಿದ್ದ ಕಾಲದಲ್ಲಿ ಇದೇ ವಿನ್ಯಾಸ ಕ್ರೈಸ್ಲರ್ ಕ್ರಾಸ್‌ಫೈರ್‌ಗೆ ಮತ್ತು 2006ರಿಂದ ಬಂದ ಡಾಡ್ಜ್ ಚಾರ್ಜರ್‌ನ ಹಲವು ಮಾದರಿಗಳಿಗೆ ಹೋಯಿತು. ಝಡ್‌ಎಫ್‌ನ 6 ಗೇರಿನ ಪೆಟ್ಟಿಗೆಯಲ್ಲೂ, ಮಸ್ಟಾಂಗ್‌ನ 6ಆರ್80ಯಲ್ಲೂ ಇದೇ ರೀತಿ ಕನೆಕ್ಟರ್ ಸುತ್ತಲಿನ ಸೀಲ್ ಸೋರುವುದುಂಟು.

ಮುಂದಿನ ಪಂಪ್ ಸೀಲ್: ಎಂಜಿನ್ ಮತ್ತು ಗೇರ್ ಬಾಕ್ಸ್ ಸೇರುವ ಕಡೆ, ಟಾರ್ಕ್ ಕನ್ವರ್ಟರ್‌ನ ಕತ್ತಿನಲ್ಲಿ ಇರುತ್ತದೆ. ಸೀಲ್‌ನ ಬೆಲೆ ಕಡಿಮೆ. ಆದರೆ ಅದನ್ನು ಮುಟ್ಟಬೇಕಾದರೆ ಇಡೀ ಪೆಟ್ಟಿಗೆ ಕೆಳಗಿಳಿಸಬೇಕು. ಅದಕ್ಕೇ ಬಿಲ್ ದೊಡ್ಡದಾಗುವುದು.

ಔಟ್‌ಪುಟ್ ಮತ್ತು ಆಕ್ಸೆಲ್ ಸೀಲ್: ಶಾಫ್ಟ್ ಹೊರಬರುವ ಬಾಯಿ. ಇಲ್ಲಿ ಸೋರಿದರೆ ಶಾಫ್ಟ್ ತಿರುಗುವ ರಭಸಕ್ಕೆ ಆಯಿಲ್ ಸುತ್ತ ಚಿಮ್ಮಿ ಗೆರೆ ಮೂಡಿರುತ್ತದೆ.

ಕೂಲರ್ ಪೈಪ್: ಬಿಸಿ ಆಯಿಲ್ ರೇಡಿಯೇಟರ್ ಕಡೆಗೆ ಹೋಗಿ ಬರುವ ಪೈಪ್‌ಗಳು. ಇಲ್ಲಿ ಆಯಿಲ್ ಒತ್ತಡದಲ್ಲಿ ಹರಿಯುವ ಕಾರಣ ಪೈಪ್ ಒಡೆದರೆ ಕೆಲವೇ ನಿಮಿಷದಲ್ಲಿ ಲೀಟರ್‌ಗಟ್ಟಲೆ ಖಾಲಿ. ಸೋರಿಕೆಗಳಲ್ಲಿ ಇದೇ ಅತ್ಯಂತ ಅಪಾಯದ್ದು.

ಬ್ರೀದರ್: ಗಾಳಿ ಹೋಗಿಬರುವ ತೂತು. ಆಯಿಲ್ ಹೆಚ್ಚಾಗಿ ತುಂಬಿಸಿದ್ದರೆ ಬಿಸಿಯಾದಾಗ ಇಲ್ಲಿಂದ ಉಕ್ಕುತ್ತದೆ. ನೋಡಿದವರು ಸೀಲ್ ಹೋಗಿದೆ ಎಂದು ಭಾವಿಸಿ ಇಲ್ಲದ ಖರ್ಚು ಮಾಡುವುದೂ ಉಂಟು.

ವರ್ಷಕ್ಕೊಮ್ಮೆ ರಜೆಗೆ ಬರುವವರು ಊರಿನ ಶೆಡ್ಡಿನಲ್ಲಿ ನಿಲ್ಲಿಸಿ ಹೋಗುವ ಗಾಡಿಗಳಲ್ಲಿ ಇನ್ನೊಂದು ಸಂಗತಿ ನಡೆಯುತ್ತದೆ. ತಿಂಗಳುಗಟ್ಟಲೆ ನಿಂತಾಗ ಟಾರ್ಕ್ ಕನ್ವರ್ಟರ್‌ನೊಳಗಿನ ಆಯಿಲ್ ಮೆಲ್ಲ ಕೆಳಗಿಳಿದು ಪ್ಯಾನ್ ಸೇರುತ್ತದೆ. ಪ್ಯಾನ್‌ನಲ್ಲಿ ಮಟ್ಟ ಏರಿ, ಮಾಮೂಲಿಯಾಗಿ ಆಯಿಲ್ ಮುಟ್ಟದ ಸೀಲ್‌ಗಳೂ ಮುಳುಗುತ್ತವೆ. ಒಣಗಿದ್ದ ಸೀಲ್ ಆಗ ಒಸರುತ್ತದೆ. ಓಡಿಸುವಾಗ ಸೋರದ ಗಾಡಿ ನಿಂತಲ್ಲಿ ಮಾತ್ರ ಸೋರುವುದಕ್ಕೆ ಇದು ಒಂದು ಕಾರಣ.

ಹನಿಯ ಗುರುತು ಹಿಡಿಯುವುದು

ರಾತ್ರಿ ಕಾರಿನಡಿ ಒಂದು ದೊಡ್ಡ ರಟ್ಟು ಹಾಸಿ ಬೆಳಗ್ಗೆ ನೋಡುವುದು ಸುಲಭದ ದಾರಿ. ಹನಿ ಬಿದ್ದ ಜಾಗ, ಬಣ್ಣ, ವಾಸನೆ ಮೂರೂ ಸುಳಿವು ಕೊಡುತ್ತವೆ.

ಬಣ್ಣವಿಲ್ಲದ, ವಾಸನೆಯಿಲ್ಲದ ನೀರು ಎಸಿಯದ್ದು, ಭಯಪಡಬೇಕಿಲ್ಲ. ಜಿಡ್ಡಿಲ್ಲದ ಸಿಹಿ ವಾಸನೆಯದ್ದು ಕೂಲೆಂಟ್. ಕಂದು ಅಥವಾ ಕಪ್ಪಾಗಿ ಜಿಡ್ಡಿದ್ದರೆ ಎಂಜಿನ್ ಆಯಿಲ್ ಇರಬಹುದು. ಹೆಚ್ಚಿನ ಆಟೊಮ್ಯಾಟಿಕ್ ಆಯಿಲ್ ಹೊಸತಿರುವಾಗ ಕೆಂಪು, ಹಳತಾದ ಹಾಗೆ ಕಂದು. ಮ್ಯಾನುವಲ್ ಗೇರ್ ಆಯಿಲ್‌ಗೆ ಗಂಧಕದ ಗಾಟು ವಾಸನೆ ಇರುತ್ತದೆ, ಒಮ್ಮೆ ಮೂಸಿದವರು ಮರೆಯುವುದಿಲ್ಲ.

ಹಾಗಂತ ಬಣ್ಣವನ್ನೇ ನಂಬಿ ಕೂರುವಂತಿಲ್ಲ. ಕೆಲವು ಕಾರುಗಳ ಕೂಲೆಂಟ್ ಕೂಡ ಕೆಂಪು. ಈಚಿನ ಮರ್ಸಿಡಿಸ್ 7 ಗೇರಿನ ಪೆಟ್ಟಿಗೆಗಳ ಆಯಿಲ್ ನೀಲಿ. ಬೆರಳಲ್ಲಿ ಉಜ್ಜಿ ಜಿಡ್ಡು ನೋಡುವುದು ಬಣ್ಣಕ್ಕಿಂತ ನಂಬಿಕೆಯ ಪರೀಕ್ಷೆ.

ಹನಿ ಬಿದ್ದ ಜಾಗವೂ ಮುಖ್ಯ. ಎಂಜಿನ್ ಮುಂದಿದ್ದು ಹಿಂದಿನ ಚಕ್ರ ತಿರುಗುವ ಮಸ್ಟಾಂಗ್, ಚಾರ್ಜರ್‌ನಂಥ ಕಾರಿನಲ್ಲಿ ಗೇರ್ ಬಾಕ್ಸ್ ನಡುವೆ, ಸೀಟುಗಳ ಕೆಳಗೆ ಇರುತ್ತದೆ. ಜಿಟಿ-ಆರ್‌ನಲ್ಲಿ ಮತ್ತು 7ನೇ ತಲೆಮಾರಿನ ತನಕದ ಈಚಿನ ಕಾರ್ವೆಟ್‌ಗಳಲ್ಲಿ ಎಂಜಿನ್ ಮುಂದಿದ್ದರೂ ಗೇರ್ ಬಾಕ್ಸ್ ಹಿಂದೆ. ಎಂಜಿನ್ ಮತ್ತು ಗೇರ್ ಬಾಕ್ಸ್ ಸೇರುವ ಕಡೆ ಹನಿ ಕಂಡರೆ ಅವಸರ ಬೇಡ. ಎಂಜಿನ್‌ನ ಹಿಂದಿನ ಸೀಲ್ ಹೋದರೂ, ಗೇರ್ ಬಾಕ್ಸ್‌ನ ಮುಂದಿನ ಸೀಲ್ ಹೋದರೂ ಹನಿ ಬೀಳುವುದು ಒಂದೇ ಜಾಗದಲ್ಲಿ. ಹಳೆಯ ಪೋರ್ಷೆ 911ರಲ್ಲಿ ಎಂಜಿನ್‌ನ ಸೀಲ್‌ನಿಂದಲೇ ಇಂಥ ಸೋರಿಕೆ ಬರುವುದು ಪ್ರಸಿದ್ಧ.

ಜಾಗ ಗೊತ್ತಾಗದಿದ್ದರೆ ಅಡಿಭಾಗವನ್ನು ಪೂರ್ತಿ ತೊಳೆದು ಒಣಗಿಸಿ, ಪೌಡರ್ ಚಿಮುಕಿಸಿ, 15-20 ಕಿ.ಮೀ. ಓಡಿಸಿ ನೋಡಬೇಕು. ಒದ್ದೆಯಾದ ಗೆರೆಯ ಎಲ್ಲಕ್ಕಿಂತ ಮೇಲಿನ ತುದಿಯೇ ಸೋರಿಕೆಯ ಮೂಲ. ಗಾಳಿಗೆ ಆಯಿಲ್ ಹಿಂದಕ್ಕೆ, ತೂಕಕ್ಕೆ ಕೆಳಕ್ಕೆ ಹರಿಯುತ್ತದೆ, ಮೇಲಕ್ಕೆ ಹೋಗುವುದಿಲ್ಲ. ಒಳ್ಳೆಯ ಗ್ಯಾರೇಜ್‌ಗಳಲ್ಲಿ ಆಯಿಲ್‌ಗೆ ಹೊಳೆಯುವ ಬಣ್ಣ ಬೆರೆಸಿ ಅಲ್ಟ್ರಾವಯೊಲೆಟ್ ದೀಪದಲ್ಲಿ ನೋಡುವ ವ್ಯವಸ್ಥೆಯೂ ಇರುತ್ತದೆ. ಮನೆಯಲ್ಲಿ ನೋಡುವವರು ಬರೀ ಜಾಕ್ ಮೇಲೆ ನಿಂತ ಕಾರಿನಡಿ ಯಾವ ಕಾರಣಕ್ಕೂ ನುಗ್ಗಬಾರದು. ಜಾಕ್ ಜಾರಿದರೆ ಜೀವವೇ ಹೋಗುತ್ತದೆ. ಸ್ಟ್ಯಾಂಡ್ ಕೊಟ್ಟೇ ಇಳಿಯಬೇಕು.

ಎಷ್ಟು ಸೋರಿದರೆ ಅಪಾಯ?

ಒಸರು, ಹನಿ, ಹರಿವು ಎಂದು ಮೂರು ಹಂತ ಮಾಡಬಹುದು. ಕವಚದ ಮೇಲೆ ಒದ್ದೆ ಮಾತ್ರ ಇದ್ದು ನೆಲಕ್ಕೆ ಬೀಳದಿದ್ದರೆ ಅದು ಒಸರು. ಮುಂದಿನ ಸರ್ವಿಸ್‌ನಲ್ಲಿ ನೋಡಿಸಿದರೆ ಸಾಕು. ನೆಲಕ್ಕೆ ಹನಿ ಬೀಳುತ್ತಿದ್ದರೆ ಮುಂದೂಡುವಂತಿಲ್ಲ. ಹರಿಯುತ್ತಿದ್ದರೆ ಗಾಡಿ ಅಲ್ಲೇ ನಿಲ್ಲಿಸಿ ಟೋಯಿಂಗ್ ಕರೆಸಬೇಕು.

ಹನಿ ಎಂದರೆ ಎಷ್ಟು ಮಹಾ ಎನ್ನುವವರಿಗೆ ಒಂದು ಲೆಕ್ಕ. ಒಂದು ಹನಿ ಸುಮಾರು 0.05 ಮಿಲಿಲೀಟರ್. ಓಡುವಾಗ ಸೆಕೆಂಡಿಗೆ ಒಂದು ಹನಿ ಬಿದ್ದರೆ ಗಂಟೆಗೆ 180 ಮಿಲಿಲೀಟರ್. ಮಂಗಳೂರಿನಿಂದ ಬೆಂಗಳೂರಿಗೆ ಘಾಟಿ ಹತ್ತಿ ಏಳು ಗಂಟೆ ಓಡಿಸಿದರೆ ಒಂದೂಕಾಲು ಲೀಟರ್ ರಸ್ತೆಯ ಪಾಲು. ಆರೇಳು ಲೀಟರ್ ಹಿಡಿಯುವ ಪೆಟ್ಟಿಗೆಗೆ ಅದು ಸಾಯುವಷ್ಟು ನಷ್ಟ.

ಆಯಿಲ್ ಕಡಿಮೆಯಾದ ಲಕ್ಷಣಗಳು ಹೀಗಿರುತ್ತವೆ: ಡಿ ಅಥವಾ ಆರ್‌ಗೆ ಹಾಕಿದ ಮೇಲೆ ಗಾಡಿ ಕದಲಲು ತಡ, ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಕಿರುಚುತ್ತದೆ ಆದರೆ ವೇಗ ಏರುವುದಿಲ್ಲ, ತಿರುವಿನಲ್ಲಿ ಗೇರ್ ಜಾರುವುದು, ಸುಟ್ಟ ವಾಸನೆ, ಗುಂಯ್ ಎನ್ನುವ ಸದ್ದು, ಡ್ಯಾಶ್‌ಬೋರ್ಡ್‌ನಲ್ಲಿ ಬಿಸಿಯ ಎಚ್ಚರಿಕೆ. ಇದರಲ್ಲಿ ಒಂದು ಕಂಡರೂ ಮನೆಗೆ ಮುಟ್ಟಿಸಿಬಿಡೋಣ ಎಂದು ಓಡಿಸುವುದು ತಪ್ಪು.

ಎರಡು ಅಪಾಯ ಗೇರ್ ಬಾಕ್ಸಿಗಿಂತ ದೊಡ್ಡವು. ಒಂದು ಬೆಂಕಿ. ಸ್ಪೋರ್ಟ್ಸ್ ಕಾರಿನ ಎಕ್ಸಾಸ್ಟ್ ಪೈಪ್ ಗೇರ್ ಬಾಕ್ಸ್‌ನ ಪಕ್ಕದಲ್ಲೇ ಹಾದುಹೋಗುತ್ತದೆ, ಜೋರಾಗಿ ಓಡಿಸಿದಾಗ ಅದು ನೂರಾರು ಡಿಗ್ರಿ ಕಾಯುತ್ತದೆ. ಅದರ ಮೇಲೆ ಆಯಿಲ್ ಬಿದ್ದರೆ ಹೊಗೆ, ಮುಂದೆ ಬೆಂಕಿಯೂ ಆಗಬಹುದು. ಇನ್ನೊಂದು, ಹಿಂದೆ ಬರುವ ಬೈಕ್ ಸವಾರ. ರಸ್ತೆಯಲ್ಲಿ ಬಿದ್ದ ಆಯಿಲ್ ಮಳೆಗೆ ಹರಡಿದಾಗ ತಿರುವಿನಲ್ಲಿ ಜಾರಿ ಬೀಳುವವನು ಅವನು.

‘ಲೈಫ್‌ಟೈಮ್’ ಅಂದ್ರೆ ಯಾರ ಲೈಫ್?

ಹಲವು ಕಂಪೆನಿಗಳು ಗೇರ್ ಬಾಕ್ಸ್ ಆಯಿಲ್ ‘ಲೈಫ್‌ಟೈಮ್’, ಬದಲಿಸುವುದೇ ಬೇಡ ಎಂದು ಹೇಳಿದ್ದುಂಟು. ಮರ್ಸಿಡಿಸ್ 1996ರಲ್ಲಿ 722.6 ತಂದಾಗ ಹೀಗೇ ಹೇಳಿತ್ತು. ಅದರಲ್ಲಿ ಆಯಿಲ್ ಅಳೆಯುವ ಕಡ್ಡಿಯನ್ನೇ ಇಟ್ಟಿರಲಿಲ್ಲ. ಮುಂದೆ ಕಂಪೆನಿಯೇ ಆಯಿಲ್ ಬದಲಿಸುವ ಸರ್ವಿಸ್ ಮರಳಿ ತಂದಿತು.

ಬಿಎಂಡಬ್ಲ್ಯು ಕೂಡ ಝಡ್‌ಎಫ್ ಪೆಟ್ಟಿಗೆಯ ಆಯಿಲ್ ಲೈಫ್‌ಟೈಮ್ ಎನ್ನುತ್ತದೆ. ಆದರೆ ಆ ಪೆಟ್ಟಿಗೆ ತಯಾರಿಸುವ ಝಡ್‌ಎಫ್ ಕಂಪೆನಿ ಬೇರೆಯೇ ಹೇಳುತ್ತದೆ: 80,000ದಿಂದ 1,20,000 ಕಿ.ಮೀ. ಒಳಗೆ ಅಥವಾ 8 ವರ್ಷಕ್ಕೆ ಬದಲಿಸಬೇಕು. ಕಾರು ಮಾರುವವನ ಮಾತಿಗಿಂತ ಪೆಟ್ಟಿಗೆ ಮಾಡಿದವನ ಮಾತು ಹೆಚ್ಚು ತೂಕದ್ದು. ಮೊದಲ ಮಾಲೀಕ ನಾಲ್ಕೈದು ವರ್ಷ ಓಡಿಸಿ ಮಾರುತ್ತಾನೆ, ಅವನಿಗೆ ಲೈಫ್‌ಟೈಮ್ ಆಯಿಲ್ ಸಾಕಾಗುತ್ತದೆ. ಮೂರನೇ ಕೈಯಲ್ಲಿ ಕೊಂಡವನಿಗೆ ಸಿಗುವುದು ಆ ಲೈಫ್ ಮುಗಿದ ಗಾಡಿ.

ಯಾವುದಕ್ಕೆ ಎಷ್ಟು ಕಿ.ಮೀ.?

• 6 ಗೇರಿನ, ಆಯಿಲ್‌ನಲ್ಲಿ ಮುಳುಗಿದ ಕ್ಲಚ್‌ನ ಡಿಎಸ್‌ಜಿ (ಡಿಕ್ಯೂ250): 60,000 ಕಿ.ಮೀ.ಗೊಮ್ಮೆ ಆಯಿಲ್ ಮತ್ತು ಫಿಲ್ಟರ್. ಇದು ಕಂಪೆನಿಯೇ ಹೇಳಿದ್ದು, ಐಚ್ಛಿಕ ಅಲ್ಲ.

• 7 ಗೇರಿನ ಒಣ ಕ್ಲಚ್ ಡಿಎಸ್‌ಜಿ (ಡಿಕ್ಯೂ200): ಇದರಲ್ಲಿ ಕ್ಲಚ್ ಆಯಿಲ್‌ನಲ್ಲಿ ಇಲ್ಲ. ಗೇರ್ ಆಯಿಲ್ ಬೇರೆ, ಗೇರ್ ಹಾಕುವ ಮೆಕಾಟ್ರಾನಿಕ್ ಘಟಕದ ಆಯಿಲ್ ಬೇರೆ. ಇದರ ಆಯಿಲ್‌ನ ವಿಷಯದಲ್ಲಿ ಒಂದು ದೊಡ್ಡ ಪಾಠ ಉಂಟು, ಮುಂದೆ ನೋಡಬಹುದು.

• ಝಡ್‌ಎಫ್ 8ಎಚ್‌ಪಿ: 80,000ದಿಂದ 1,20,000 ಕಿ.ಮೀ. ಅಥವಾ 8 ವರ್ಷ. ಫಿಲ್ಟರ್ ಸೇರಿದ ಪ್ಯಾನ್ ಸಹಿತ.

• ಪೋರ್ಷೆ ಪಿಡಿಕೆ (2008-09ರ ಬಳಿಕದ 911): ಕ್ಲಚ್‌ನ ಆಯಿಲ್ ಸುಮಾರು 90,000 ಕಿ.ಮೀ. ಅಥವಾ 6 ವರ್ಷ. ಗೇರ್‌ಗಳ ಆಯಿಲ್ ಬೇರೆ, ಅದರ ಅವಧಿ ಇದಕ್ಕಿಂತ ಉದ್ದ. ಎರಡನ್ನು ಅದಲು ಬದಲು ಮಾಡಿ ತುಂಬಿಸಿದರೆ ಪೆಟ್ಟಿಗೆಗೆ ಉಳಿಗಾಲವಿಲ್ಲ.

• ಮಸ್ಟಾಂಗ್ ಆಟೊಮ್ಯಾಟಿಕ್: ಅಮೆರಿಕದ ಪಟ್ಟಿಯಂತೆ ಮಾಮೂಲಿ ಬಳಕೆಗೆ 1,50,000 ಮೈಲಿ, ಅಂದರೆ ಸುಮಾರು 2,40,000 ಕಿ.ಮೀ. ಕಠಿಣ ಬಳಕೆಗೆ 30,000 ಮೈಲಿ, ಅಂದರೆ ಸುಮಾರು 48,000 ಕಿ.ಮೀ. ಒಂದೇ ಗಾಡಿಗೆ ಐದು ಪಟ್ಟು ವ್ಯತ್ಯಾಸ.

• ಕಾರ್ವೆಟ್ 8ನೇ ತಲೆಮಾರು: 2020ರ ಮಾದರಿಗೆ ಡ್ಯುಯಲ್ ಕ್ಲಚ್ ಪೆಟ್ಟಿಗೆಯ ಹೊರಗಿನ ಫಿಲ್ಟರ್ ಅನ್ನು ಮೊದಲ 7,500 ಮೈಲಿಗೆ, ಅಂದರೆ ಸುಮಾರು 12,000 ಕಿ.ಮೀ.ಗೇ ಬದಲಿಸಲು ಹೇಳಲಾಗಿತ್ತು. ಹೊಸ ಪೆಟ್ಟಿಗೆ ಪಳಗುವಾಗ ಬಿಡುವ ಲೋಹದ ಪುಡಿ ಹಿಡಿಯುವುದು ಅದರ ಕೆಲಸ.

ರೇಸ್ ಟ್ರ್ಯಾಕ್‌ನಲ್ಲಿ ಓಡಿಸುವವರಿಗೆ, ಲಾಂಚ್ ಕಂಟ್ರೋಲ್ ಹಾಕಿ ನಿಂತಲ್ಲಿಂದ ಹಾರಿಸುವವರಿಗೆ ಈ ಅವಧಿ ಯಾವುದೂ ಅನ್ವಯಿಸುವುದಿಲ್ಲ. ಅಂಥವರು ಅರ್ಧಕ್ಕಿಂತ ಮೊದಲೇ ಬದಲಿಸುವುದು ಲೇಸು.

ಕೊಲ್ಲಿಯ ಬಿಸಿ, ಊರಿನ ಮಳೆ

ಕಠಿಣ ಬಳಕೆ ಎಂದರೆ ರೇಸ್ ಮಾತ್ರವಲ್ಲ. ಬಿಸಿ ಹವೆ, ನಿಂತು ನಿಂತು ಚಲಿಸುವ ಟ್ರಾಫಿಕ್, ಎಂಜಿನ್ ಚಾಲೂ ಇಟ್ಟು ಎಸಿಯಲ್ಲಿ ಕೂರುವುದು, ಧೂಳು ಎಲ್ಲವೂ ಅದರಲ್ಲಿ ಬರುತ್ತವೆ. ಜುಲೈ ತಿಂಗಳಲ್ಲಿ ಶಾರ್ಜಾ-ದುಬೈ ನಡುವೆ ದಿನವೂ ಓಡಾಡುವ ಗಾಡಿಗೆ ಇದೆಲ್ಲವೂ ಒಟ್ಟಿಗೆ ಉಂಟು. ಆಯಿಲ್ ಹಾಳಾಗುವುದು ರಾಸಾಯನಿಕ ಕ್ರಿಯೆ. ಬಿಸಿ 10 ಡಿಗ್ರಿ ಏರಿದರೆ ಅದರ ವೇಗ ಸುಮಾರು ಎರಡು ಪಟ್ಟು ಎಂಬುದು ಎಂಜಿನಿಯರ್‌ಗಳು ಬಳಸುವ ಅಂದಾಜು. ಆದ್ದರಿಂದ ಕೊಲ್ಲಿಯಲ್ಲಿ ಓಡಿದ ಗಾಡಿಗೆ ಕಠಿಣ ಬಳಕೆಯ ಅವಧಿಯನ್ನೇ ಹಿಡಿಯಬೇಕು.

ಬಿಸಿಯ ಪಾಠವನ್ನು ಕಂಪೆನಿಗಳೂ ಕಲಿತಿವೆ. 2013ರ ನವೆಂಬರ್‌ನಲ್ಲಿ ಫೋಕ್ಸ್‌ವ್ಯಾಗನ್ ಜಗತ್ತಿನಾದ್ಯಂತ ಸುಮಾರು 16 ಲಕ್ಷ ಕಾರುಗಳನ್ನು 7 ಗೇರಿನ ಡಿಎಸ್‌ಜಿಯ ಕಾರಣಕ್ಕೆ ವಾಪಸ್ ಕರೆಸಿತು. ಬಿಸಿ ಮತ್ತು ತೇವದ ಹವೆಯಲ್ಲಿ, ನಿಂತು ಚಲಿಸುವ ಟ್ರಾಫಿಕ್‌ನಲ್ಲಿ ಸಿಂಥೆಟಿಕ್ ಆಯಿಲ್‌ನಿಂದ ಪೆಟ್ಟಿಗೆಯ ವಿದ್ಯುತ್ ಭಾಗ ಕೆಡುವ ಸಾಧ್ಯತೆ ಇತ್ತು. ಪರಿಹಾರವಾಗಿ ಸಿಂಥೆಟಿಕ್ ತೆಗೆದು ಮಿನರಲ್ ಆಯಿಲ್ ಹಾಕಲಾಯಿತು. ದುಬಾರಿ ಸಿಂಥೆಟಿಕ್ ಎಲ್ಲ ಕಡೆಯೂ ಮೇಲು ಎಂಬ ನಂಬಿಕೆಗೆ ಇದು ಉತ್ತರ. ಮೇಲಾದ ಆಯಿಲ್ ಎಂಬುದಿಲ್ಲ, ಆ ಪೆಟ್ಟಿಗೆಗೆ ಸರಿಯಾದ ಆಯಿಲ್ ಎಂಬುದು ಮಾತ್ರ ಇದೆ.

ಊರಿನ ಸಮಸ್ಯೆ ನೀರು. ಕಾದ ಪೆಟ್ಟಿಗೆ ನೆರೆ ನೀರಿಗಿಳಿದರೆ ಒಳಗಿನ ಗಾಳಿ ಒಮ್ಮೆಗೇ ತಣಿದು ಕುಗ್ಗುತ್ತದೆ, ಬ್ರೀದರ್ ಮೂಲಕ ನೀರನ್ನು ಒಳಕ್ಕೆ ಹೀರುತ್ತದೆ. ನೀರು ಸೇರಿದ ಆಯಿಲ್ ಹಾಲು ಬೆರೆಸಿದ ಶರಬತ್ತಿನ ಹಾಗೆ ಕಾಣುತ್ತದೆ. ರೇಡಿಯೇಟರ್‌ನೊಳಗಿನ ಕೂಲರ್ ಒಡೆದು ಕೂಲೆಂಟ್ ಬೆರೆತರೂ ಇದೇ ಬಣ್ಣ. ಎರಡರಲ್ಲೂ ಕ್ಲಚ್ ಪ್ಲೇಟಿನ ಅಂಟು ಬಿಡುತ್ತದೆ. ಒಂದು ದಿನವೂ ಓಡಿಸಬಾರದು.

ಬದಲಿಸುವ ಕ್ರಮ

ಹೊಸ ಪೆಟ್ಟಿಗೆಗಳಲ್ಲಿ ಕಡ್ಡಿ ಇಲ್ಲ. ಗಾಡಿಯನ್ನು ಸಮತಟ್ಟಾಗಿ ಎತ್ತಿ, ಎಂಜಿನ್ ಚಾಲೂ ಇಟ್ಟು, ಆಯಿಲ್ ನಿಗದಿತ ಬಿಸಿಗೆ ಬಂದಾಗ ಪ್ಲಗ್ ತೆರೆದು ಮಟ್ಟ ನೋಡಬೇಕು. ಡಿಕ್ಯೂ250ಗೆ 35ರಿಂದ 45 ಡಿಗ್ರಿ, 8ಎಚ್‌ಪಿಗೆ 30ರಿಂದ 50 ಡಿಗ್ರಿ. ಈ ಬಿಸಿಯನ್ನು ಸ್ಕ್ಯಾನರ್‌ನಲ್ಲಿ ಓದಬೇಕು, ಕೈಯಲ್ಲಿ ಮುಟ್ಟಿ ಹೇಳುವುದಲ್ಲ.

ಇದರ ಹಿಂದಿನ ಲೆಕ್ಕ ಸರಳ. ಆಯಿಲ್ ಬಿಸಿಗೆ ಹಿಗ್ಗುತ್ತದೆ. 7 ಲೀಟರ್ ಆಯಿಲ್ 40 ಡಿಗ್ರಿ ಏರಿದರೆ ಸುಮಾರು 200 ಮಿಲಿಲೀಟರ್ ಹಿಗ್ಗುತ್ತದೆ. 80 ಡಿಗ್ರಿಯಲ್ಲಿ ಮಟ್ಟ ನೋಡಿದರೆ ಅಷ್ಟು ಒಳ್ಳೆಯ ಆಯಿಲ್ ಹೊರಗೆ ಚೆಲ್ಲಿ ಪೆಟ್ಟಿಗೆಯಲ್ಲಿ ಕಡಿಮೆಯಾಗುತ್ತದೆ. ಕೊಲ್ಲಿಯ ಬೇಸಿಗೆಯ ಮಧ್ಯಾಹ್ನ ಶೆಡ್ಡಿನಲ್ಲೇ 45 ಡಿಗ್ರಿ ಇರುವಾಗ 45ರ ಒಳಗೆ ಮಟ್ಟ ನೋಡುವುದು ಸಾಧ್ಯವೇ ಇಲ್ಲ. ಗಾಡಿಯನ್ನು ರಾತ್ರಿ ಗ್ಯಾರೇಜ್‌ನಲ್ಲೇ ಬಿಟ್ಟು ಬೆಳಗ್ಗೆ ಬೇಗ ಮಾಡಿಸಬೇಕು, ಇಲ್ಲವೇ ಎಸಿ ಇರುವ ಗ್ಯಾರೇಜ್ ಹುಡುಕಬೇಕು.

ಆಯಿಲ್ ಆರಿಸುವಾಗ ಬ್ರ್ಯಾಂಡ್‌ಗಿಂತ ನಮೂನೆ ಮುಖ್ಯ. ಡಬ್ಬದ ಮೇಲೆ ಆ ಪೆಟ್ಟಿಗೆಯ ಒಪ್ಪಿಗೆ ಸಂಖ್ಯೆ ಇರಬೇಕು. ಮಸ್ಟಾಂಗ್‌ನ 6 ಗೇರಿನದ್ದಕ್ಕೆ ಮರ್ಕಾನ್ ಎಲ್‌ವಿ, 10 ಗೇರಿನದ್ದಕ್ಕೆ ಮರ್ಕಾನ್ ಯುಎಲ್‌ವಿ. ಹೆಸರಲ್ಲಿ ಒಂದೇ ಅಕ್ಷರದ ವ್ಯತ್ಯಾಸ, ಆದರೆ ಒಂದರ ಬದಲು ಇನ್ನೊಂದು ಹಾಕುವಂತಿಲ್ಲ. ಎಲ್ಲ ಗಾಡಿಗೂ ಆಗುತ್ತದೆ ಎಂಬ ಡಬ್ಬದಿಂದ ದೂರ ಇದ್ದಷ್ಟು ಒಳ್ಳೆಯದು. ಜಿಟಿ-ಆರ್‌ನ ಪೆಟ್ಟಿಗೆ 10 ಲೀಟರ್‌ನಷ್ಟು ಆಯಿಲ್ ಹಿಡಿಯುವ ಕಾರಣ ಅಗ್ಗದ್ದು ಹಾಕುವ ಆಸೆ ಬರುತ್ತದೆ. ಆ ಉಳಿತಾಯ ಪೆಟ್ಟಿಗೆಯ ಬೆಲೆಯ ಮುಂದೆ ಏನೂ ಅಲ್ಲ.

ಕೆಲಸ ಶುರು ಮಾಡುವ ಮೊದಲು ತುಂಬಿಸುವ ಪ್ಲಗ್ ಬಿಚ್ಚುತ್ತದೆಯೇ ಎಂದು ನೋಡಿಯೇ ಖಾಲಿ ಮಾಡುವ ಪ್ಲಗ್ ತೆಗೆಯಬೇಕು. ಇದು ಹಳೆಯ ಮೆಕ್ಯಾನಿಕ್‌ಗಳ ನಿಯಮ. ಖಾಲಿ ಮಾಡಿ ಆದಮೇಲೆ ತುಂಬಿಸುವ ಪ್ಲಗ್ ತುಕ್ಕು ಹಿಡಿದು ಬರದಿದ್ದರೆ ಗಾಡಿ ಅಲ್ಲೇ ಬಾಕಿ.

ಹಳೆ ಆಯಿಲ್ ಮುಟ್ಟಬಾರದೇ?

ಎರಡು ಲಕ್ಷ ಕಿ.ಮೀ. ಓಡಿದ ಗಾಡಿಯ ಆಯಿಲ್ ಬದಲಿಸಿದರೆ ಗೇರ್ ಬಾಕ್ಸ್ ಹೋಗುತ್ತದೆ ಎಂಬ ಮಾತು ಗ್ಯಾರೇಜ್‌ಗಳಲ್ಲಿ ಸಾಮಾನ್ಯ. ಇದರಲ್ಲಿ ಅರ್ಧ ನಿಜವಿದೆ. ಕ್ಲಚ್ ಪ್ಲೇಟ್ ಆಗಲೇ ಸವೆದು ಗಾಡಿ ಜಾರುತ್ತಿದ್ದರೆ ಹೊಸ ಆಯಿಲ್ ಅದನ್ನು ಬದುಕಿಸುವುದಿಲ್ಲ. ಬದಲಿಸಿದ ವಾರದಲ್ಲೇ ಹೋದರೆ ಆಯಿಲ್‌ಗೆ ಕೆಟ್ಟ ಹೆಸರು. ಹಾಗೆಯೇ ಯಂತ್ರದ ಒತ್ತಡದಿಂದ ಫ್ಲಶ್ ಮಾಡಿದರೆ ಮೂಲೆಯಲ್ಲಿ ಕೂತಿದ್ದ ಕೆಸರು ಎದ್ದು ಸಣ್ಣ ವಾಲ್ವ್‌ಗಳಿಗೆ ಸಿಕ್ಕಿಕೊಳ್ಳಬಹುದು.

ಆದರೆ ಸರಿಯಾಗಿ ಗೇರ್ ಬೀಳುತ್ತಿರುವ ಗಾಡಿಯ ಆಯಿಲ್ ಬದಲಿಸಲು ಹೆದರಬೇಕಿಲ್ಲ. ಫ್ಲಶ್ ಬೇಡ, ಪ್ಯಾನ್ ಇಳಿಸಿ ಖಾಲಿ ಮಾಡಿ ತುಂಬಿಸಿದರೆ ಸಾಕು. ಟಾರ್ಕ್ ಕನ್ವರ್ಟರ್‌ನಲ್ಲಿ ಅರ್ಧದಷ್ಟು ಹಳೆಯದು ಉಳಿಯುತ್ತದೆ, ಕೆಲವು ಸಾವಿರ ಕಿ.ಮೀ. ಬಳಿಕ ಇನ್ನೊಮ್ಮೆ ಮಾಡಿಸಬಹುದು. ಪ್ಯಾನ್‌ನ ಮ್ಯಾಗ್ನೆಟ್‌ನಲ್ಲಿ ಹಿಟ್ಟಿನಂಥ ಬೂದು ಪುಡಿ ಇದ್ದರೆ ಅದು ಮಾಮೂಲಿ ಸವೆತ. ಉಗುರಿಗೆ ಸಿಗುವಂಥ ಚೂರು ಕಂಡರೆ ಒಳಗೆ ಏನೋ ಮುರಿದಿದೆ.

ಸೋರಿಕೆ ನಿಲ್ಲಿಸುವ ಡಬ್ಬದ ಔಷಧಿಗಳು ರಬ್ಬರ್ ಸೀಲನ್ನು ಊದಿಸಿ ಸ್ವಲ್ಪ ದಿನ ಹಿಡಿದಿಡಬಹುದು. ಡ್ಯುಯಲ್ ಕ್ಲಚ್ ಪೆಟ್ಟಿಗೆಗೆ ಅವನ್ನು ಹಾಕಲೇಬಾರದು, ಕ್ಲಚ್‌ನ ಘರ್ಷಣೆಯೇ ಬದಲಾಗಿ ಹೋಗುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ

ಕೊಲ್ಲಿಯ ಮಾರುಕಟ್ಟೆಯಲ್ಲಿ ಅಮೆರಿಕದಲ್ಲಿ ಅಪಘಾತವಾಗಿ ಹರಾಜಾದ ಮಸ್ಟಾಂಗ್, ಚಾರ್ಜರ್‌ಗಳು ರಿಪೇರಿಯಾಗಿ ಬರುತ್ತವೆ. 2024ರ ಏಪ್ರಿಲ್ 16ರ ದಾಖಲೆ ಮಳೆಯಲ್ಲಿ ಯುಎಇಯ ಎಷ್ಟೋ ಗಾಡಿಗಳು ನೀರಿನಲ್ಲಿ ನಿಂತಿದ್ದವು. ಇಂಥ ಗಾಡಿಗಳು ಹೊರಗಿನಿಂದ ಫಳಫಳ ಹೊಳೆಯುತ್ತವೆ. ಗೇರ್ ಬಾಕ್ಸ್ ಮಟ್ಟಿಗೆ ಇಷ್ಟನ್ನಾದರೂ ನೋಡಬೇಕು:

• ಚಾಸಿ ನಂಬರ್ ಹಾಕಿ ಗಾಡಿಯ ಹಳೆಯ ದಾಖಲೆ ತೆಗೆಸುವುದು.

• ಗೇರ್ ಬಾಕ್ಸ್ ಆಯಿಲ್ ಬದಲಿಸಿದ ಬಿಲ್ ಕೇಳುವುದು. ಬಾಯಿಮಾತಿಗೆ ಬೆಲೆಯಿಲ್ಲ.

• ಲಿಫ್ಟ್ ಮೇಲೆ ಎತ್ತಿ ಅಡಿಭಾಗ ನೋಡುವುದು. ಉಳಿದೆಲ್ಲ ಧೂಳಾಗಿದ್ದು ಗೇರ್ ಬಾಕ್ಸ್ ಮಾತ್ರ ತೊಳೆದಿಟ್ಟಂತಿದ್ದರೆ ಸಂಶಯಪಡಬೇಕು. 20 ಕಿ.ಮೀ. ಓಡಿಸಿ ಮತ್ತೊಮ್ಮೆ ಎತ್ತಿ ನೋಡಬೇಕು.

• ತಣ್ಣಗಿನ ಎಂಜಿನ್‌ನಿಂದಲೇ ಟೆಸ್ಟ್ ಡ್ರೈವ್ ಶುರು ಮಾಡುವುದು. ಮಾರುವವ ಮೊದಲೇ ಬಿಸಿ ಮಾಡಿ ಇಟ್ಟಿದ್ದರೆ ಕೆಲವು ದೋಷ ಮುಚ್ಚಿಹೋಗುತ್ತದೆ. ಬಳಿಕ ಪೂರ್ತಿ ಬಿಸಿಯಾದ ಮೇಲೂ ಓಡಿಸಬೇಕು.

• ಸ್ಕ್ಯಾನರ್ ಹಾಕಿ ಗೇರ್ ಬಾಕ್ಸ್‌ನ ಕೋಡ್‌ಗಳನ್ನು, ಕ್ಲಚ್ ಎಷ್ಟು ಸವೆದಿದೆ ಎಂಬ ಅಂಕಿಯನ್ನು ಓದಿಸುವುದು.

ಬಿಲ್ ಇಲ್ಲದ ಗಾಡಿಯಾದರೆ ಆಯಿಲ್ ಬದಲಾಗಿಲ್ಲ ಎಂದೇ ಭಾವಿಸಿ ಆ ಖರ್ಚನ್ನು ಬೆಲೆಯಲ್ಲಿ ಕಳೆಯಬೇಕು. ಸಾಲ ಮಾಡಿ ಕೊಳ್ಳುವವರು ಕಂತಿನ ಜತೆ ಈ ಸರ್ವಿಸ್‌ನ ಹಣವನ್ನೂ ಮೊದಲೇ ತೆಗೆದಿಡದಿದ್ದರೆ, ಗಾಡಿ ಗ್ಯಾರೇಜ್‌ನಲ್ಲಿ ನಿಂತಿರುವಾಗಲೂ ಕಂತು ಕಟ್ಟುತ್ತಿರಬೇಕಾಗುತ್ತದೆ.

ತೆಗೆದ ಆಯಿಲ್ ಎಲ್ಲಿಗೆ?

ಮನೆಯಲ್ಲೇ ಆಯಿಲ್ ಬದಲಿಸುವವರು ಹಳೆಯದನ್ನು ತೋಡಿಗೆ, ತೆಂಗಿನ ಬುಡಕ್ಕೆ ಸುರಿಯುವುದುಂಟು. ಕರಾವಳಿಯ ಜಂಬಿಟ್ಟಿಗೆ ನೆಲದಲ್ಲಿ ಅದು ಇಳಿದು ಸೇರುವುದು ಪಕ್ಕದ ಬಾವಿಗೆ. ಬಳಸಿದ ಆಯಿಲ್‌ನಲ್ಲಿ ಲೋಹದ ಅಂಶ ಇರುತ್ತದೆ, ಒಮ್ಮೆ ಬಾವಿಗೆ ಸೇರಿದರೆ ತೆಗೆಯುವ ದಾರಿಯಿಲ್ಲ. ಹೊಸ ಆಯಿಲ್ ಬಂದ ಡಬ್ಬದಲ್ಲೇ ತುಂಬಿಸಿ, ಹಳೆ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಬೇಕು. ಕೊಡುವಾಗ ಎಷ್ಟು ಲೀಟರ್ ಹೊರಬಂತು ಎಂದು ಅಳೆದು ಬರೆದಿಟ್ಟರೆ ಇನ್ನೊಂದು ಲಾಭವೂ ಉಂಟು. ಕಳೆದ ಸಲ ತುಂಬಿಸಿದ್ದಕ್ಕಿಂತ ಈ ಸಲ ಕಡಿಮೆ ಬಂದಿದ್ದರೆ, ಕಣ್ಣಿಗೆ ಕಾಣದ ಸೋರಿಕೆ ಎಲ್ಲೋ ಇದೆ ಎಂದರ್ಥ.